ಮಿರ್ಗದ ಮಳಿ ಯಾವ ಕಾದಂಬರಿಯೊಳಗದ?

ಈ ಸಲದ ಟಪಾಲಿನಲ್ಲಿ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ದಿಕ್ಕಿನವು. ತಪ್ಪು ನನ್ನದೇ. ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ, ‘ಹವಾಮಾನದ ಕಥೆ ಬರೆಯುವುದು ಈಗ ಬರೀ ಬಿಳಿಯರ ಕೆಲಸವಾಗಿ ಉಳಿದಿಲ್ಲ’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಹವಾಮಾನ ಬದಲಾವಣೆಯ ಸುತ್ತ ಹೆಣೆದ ಕಥೆ, ಕಾದಂಬರಿಗಳ ಮಾತು ಅದು. ಓದುಗರು ಬಿಡಲಿಲ್ಲ.

ಕಲಬುರಗಿಯಲ್ಲಿ ಈಗ ಮೇ ತಿಂಗಳು. ಸರಕಾರಿ ಆಫೀಸುಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಕಾಲ. ಆಮೇಲೆ ಊರಿಗೆ ಊರೇ ಕದ ಮುಚ್ಚಿಕೊಂಡು ಕೂಲರಿನ ಮುಂದೆ ಅಡ್ಡಾಗುತ್ತದೆ. ಆ ಹೊತ್ತಿನಲ್ಲಿ ಕೂತು ಈ ಉತ್ತರಗಳನ್ನು ಬರೆದಿದ್ದೇನೆ. ಎಲ್ಲಾದರೂ ಸಿಟ್ಟು ಜಾಸ್ತಿ ಕಂಡರೆ ಬಿಸಿಲಿನ ಲೆಕ್ಕಕ್ಕೆ ಹಚ್ಚಿರಿ.

ಪ್ರಶ್ನೆ: ಅಕ್ಕೋರ, ನಾನು ಎಂ.ಎ. ಇಂಗ್ಲಿಷ್ ಓದ್ಲಕತ್ತೀನಿ. ಕ್ಲೈಮೇಟ್ ಫಿಕ್ಷನ್ ಅಂತ ಒಂದು ಪಾಠ ಅದ. ಪಾಠದಾಗ ಬರೋ ಹೆಸರೆಲ್ಲ ಅಮೆರಿಕ, ಇಂಗ್ಲೆಂಡಿನ ಗಂಡಸರವು. ನೀವು ಬ್ಯಾರೆ ಮಂದಿನೂ ಬರೀತಾರ ಅಂದ್ರಿ. ಯಾರವರು? ಅವರು ಬರೆದ್ರ ಏನು ಫರಕ್ ಆಗ್ತದ?
ಒಬ್ಬ ವಿದ್ಯಾರ್ಥಿನಿ, ಶಹಾಪುರ

ಉತ್ತರ: ತಂಗಿ, ಹೆಸರುಗಳ ಪಟ್ಟಿ ಕೊಟ್ಟರೆ ನೀನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಡುತ್ತಿ. ಅದಕ್ಕೆ ನಿನ್ನ ‘ಫರಕ್’ನಿಂದಲೇ ಸುರು ಮಾಡುತ್ತೇನೆ.

2020ರಲ್ಲಿ ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್ ಎಂಬ ಅಮೆರಿಕದ ಲೇಖಕರು ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ ಎಂಬ ಕಾದಂಬರಿ ಬರೆದರು. ಅದು ತೆರೆದುಕೊಳ್ಳುವುದೇ ಉತ್ತರ ಪ್ರದೇಶದ ಒಂದು ಊರಿನಲ್ಲಿ. ಬಿಸಿಗಾಳಿ. ಕರೆಂಟು ಹೋಗುತ್ತದೆ. ಮಂದಿ ಕೆರೆಗಿಳಿಯುತ್ತಾರೆ, ಕೆರೆಯ ನೀರೂ ಕಾದುಬಿಟ್ಟಿದೆ. ಕೊನೆಗೆ ಅಲ್ಲಿ ಜೀವ ಉಳಿಯುವವನು ಒಬ್ಬನೇ, ಸೇವಾಸಂಸ್ಥೆಯ ಕೆಲಸಕ್ಕೆಂದು ಬಂದಿದ್ದ ಅಮೆರಿಕದವನು. ಆ ಅಧ್ಯಾಯ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಅಷ್ಟು ಗಟ್ಟಿಯಾದ ಬರವಣಿಗೆ. ಆದರೆ ಮರುದಿನ ರೊಟ್ಟಿ ಬಡಿಯುತ್ತಿರುವಾಗ ಹೊಳೆಯಿತು: ಸತ್ತವರೆಲ್ಲ ನಮ್ಮವರು, ಅದನ್ನು ನೆನೆನೆನೆದು ನರಳುವವನು ಮಾತ್ರ ಅವನು. ಸಾಯುವ ಪಾತ್ರ ನಮಗೆ, ನೆನಪಿಡುವ ಪಾತ್ರ ಅವರಿಗೆ. ನೀನು ಕೇಳಿದ ಫರಕ್ ಅಲ್ಲಿದೆ.

ಈಗ ಆಕ್ಟೇವಿಯಾ ಬಟ್ಲರ್ ಅವರನ್ನು ನೋಡು. ಕಪ್ಪು ಹೆಣ್ಣುಮಗಳು, ಮಂದಿಯ ಮನೆಗೆಲಸ ಮಾಡಿ ಸಾಕಿದ ತಾಯಿಯ ಮಗಳು. 1993ರಲ್ಲಿ ‘ಪ್ಯಾರಬಲ್ ಆಫ್ ದಿ ಸೋವರ್’ ಬರೆದರು. ಕಥೆ ಸುರುವಾಗುವ ವರ್ಷ 2024. ಅಂದರೆ ಆಕೆ ಮೂವತ್ತು ವರ್ಷ ಮುಂದೆ ನೋಡಿ ಬರೆದದ್ದನ್ನು ನಾವು ಈಗಾಗಲೇ ದಾಟಿ ಬಂದಿದ್ದೇವೆ. ಲಾಸ್ ಏಂಜಲೀಸ್ ಹತ್ತಿರದ ಒಂದು ಓಣಿ, ಸುತ್ತ ಗೋಡೆ, ಒಳಗೆ ಹದಿನೈದು ವರ್ಷದ ಹುಡುಗಿ. ನೀರು ಪೆಟ್ರೋಲಿಗಿಂತ ತುಟ್ಟಿ. ಎಷ್ಟೋ ವರ್ಷದ ಮೇಲೆ ಒಂದು ದಿನ ಮಳೆ ಬಂದರೆ ಮನೆಯ ಡಬ್ಬಿ, ಬಕೆಟ್ಟು ಎಲ್ಲ ಹೊರಗೆ ಬರುತ್ತವೆ. ಅದನ್ನು ಓದುವಾಗ ನನಗೆ ಕ್ಯಾಲಿಫೋರ್ನಿಯಾ ಕಾಣಲೇ ಇಲ್ಲ. ಟ್ಯಾಂಕರ್ ಬಂದ ದಿನದ ನಮ್ಮ ಓಣಿ ಕಂಡಿತು. ಆ ಹುಡುಗಿ ಕುಂತು ಅಳುವುದಿಲ್ಲ. ಯಾವ ಗಿಡದ ಕಾಯಿ ತಿನ್ನಬಹುದು ಎಂದು ಓದಿಕೊಳ್ಳುತ್ತಾಳೆ, ಓಡಬೇಕಾಗಿ ಬಂದರೆ ಎತ್ತಿಕೊಳ್ಳಲು ಒಂದು ಗಂಟು ಕಟ್ಟಿಡುತ್ತಾಳೆ. ‘ನಾಳೆ ಇದೆ’ ಎಂಬ ಖಾತ್ರಿ ಯಾವತ್ತೂ ಇಲ್ಲದ ಮನೆಯಲ್ಲಿ ಬೆಳೆದವರಿಗಷ್ಟೇ ಆ ಗಂಟಿನೊಳಗೆ ಏನಿರಬೇಕು ಎಂದು ಗೊತ್ತಿರುತ್ತದೆ.

ಕೆನಡಾದ ಮೂಲನಿವಾಸಿ ಮೇಟಿ ಸಮುದಾಯದ ಚೆರಿ ಡಿಮಲೈನ್ 2017ರಲ್ಲಿ ‘ದಿ ಮ್ಯಾರೋ ಥೀವ್ಸ್’ ಬರೆದರು. ಭೂಮಿ ಕೆಟ್ಟು ಮನುಷ್ಯರಿಗೆ ಕನಸು ಬೀಳುವುದೇ ನಿಂತುಹೋಗಿದೆ. ಕನಸು ಉಳಿದಿರುವುದು ಮೂಲನಿವಾಸಿಗಳಿಗೆ ಮಾತ್ರ, ಅವರ ಎಲುಬಿನ ಮಜ್ಜೆಯಲ್ಲಿ. ಅದಕ್ಕೆ ಅವರ ಬೇಟೆ. ಹಿಡಿದವರನ್ನು ಒಯ್ಯುವ ಜಾಗಕ್ಕೆ ಶಾಲೆ ಎಂದೇ ಹೆಸರು. ಇದು ಬರೀ ಕಲ್ಪನೆ ಎಂದುಕೊಳ್ಳಬೇಡ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯಿತಂದೆಯರಿಂದ ಕಿತ್ತು ವಸತಿ ಶಾಲೆಗೆ ಹಾಕಿ ಅವರ ಭಾಷೆ ಮರೆಸಿದ್ದು ನಡೆದ ಇತಿಹಾಸ. ಅಂಥ ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಹಾಗಾಗಿ ಡಿಮಲೈನ್ ಬರೆಯುವ ‘ಮುಂದೊಂದು ದಿನ’ದೊಳಗೆ ಅವರ ಅಜ್ಜಿಯರ ನಿನ್ನೆ ಕೂತಿದೆ.

ಕ್ಯಾಮರೂನಿನ ಇಂಬೋಲೊ ಎಂಬುವೆ ಬರೆದ ‘ಹೌ ಬ್ಯೂಟಿಫುಲ್ ವೀ ವರ್’ (2021) ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಕೊಸಾವಾ ಎಂಬ ಕಲ್ಪಿತ ಹಳ್ಳಿ. ಎಣ್ಣೆ ಕಂಪನಿ ಬಂದು ನೀರು, ಹೊಲ ಎರಡೂ ಕೆಟ್ಟು ಮಕ್ಕಳು ಸಾಯುತ್ತಿದ್ದಾರೆ. ಕಂಪನಿಯವರು ಬರುತ್ತಾರೆ, ಸಭೆ ಮಾಡುತ್ತಾರೆ, ನೋಡೋಣ ಮಾಡೋಣ ಎನ್ನುತ್ತಾರೆ, ಹೋಗುತ್ತಾರೆ. ಒಂದು ಸಭೆ ಮುಗಿಯುವ ಹೊತ್ತಿಗೆ ಊರಿನ ಹುಚ್ಚ ಅವರ ಕಾರಿನ ಕೀಲಿ ತೆಗೆದುಕೊಂಡುಬಿಡುತ್ತಾನೆ. ಅಲ್ಲಿಂದ ಕಥೆ. ಅದನ್ನು ಹೇಳುವ ದನಿಗಳಲ್ಲಿ ಒಂದು ಆ ಊರಿನ ಓರಗೆಯ ಮಕ್ಕಳೆಲ್ಲ ಕೂಡಿ ಆಡುವ ‘ನಾವು’. ಒಬ್ಬ ನಾಯಕ ಜಗತ್ತು ಉಳಿಸುವ ಕಥೆಗಳ ನಡುವೆ ಈ ‘ನಾವು’ ಕೇಳಿದಾಗ ನನಗೆ ಸೋಬಾನೆ ಪದ ಹೇಳುವ ಹೆಂಗಸರ ಸಾಲು ನೆನಪಾಯಿತು.

ಇಷ್ಟು ಓದಿದ ಮೇಲೆ ನನ್ನದೇ ಒಂದು ಸಂಗತಿ ಹೇಳಬೇಕು. 1972ರ ಬರದಲ್ಲಿ ನಾನು ಹತ್ತು ವರ್ಷದವಳು. ಆಳಂದ ಕಡೆಯ ಹಳ್ಳಿ. ಅಪ್ಪ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ. ರೇಷನ್ನಿಗೆ ಕೆಂಪು ಜೋಳ ಬರುತ್ತಿತ್ತು. ಅವ್ವ ಎಷ್ಟು ನಾದಿದರೂ ರೊಟ್ಟಿಯ ಅಂಚು ಹರಿಯುತ್ತಿತ್ತು. ಎರಡು ಎತ್ತಿನಲ್ಲಿ ಒಂದನ್ನು ಮಾರಿದರು. ಒಂಟಿ ಎತ್ತಿಗೆ ಕೂರಿಗೆ ಹೂಡಲು ಬರುವುದಿಲ್ಲ. ಮರುವರ್ಷ ಮಳೆ ಆದಾಗ, ಹಿಂದೆ ಬದುವಿನ ಸಲುವಾಗಿ ನಮ್ಮ ಜೋಡಿ ಮಾತು ಬಿಟ್ಟಿದ್ದ ಬಾಜೂ ಹೊಲದವರು ತಮ್ಮ ಉಳಿದೊಂದು ಎತ್ತು ಹಿಡಿದುಕೊಂಡು ಬಂದರು. ಮಾತಾಡಲಿಲ್ಲ. ನಮ್ಮ ಎತ್ತಿನ ಪಕ್ಕ ಕಟ್ಟಿದರು. ಎರಡೂ ಹೊಲ ಬಿತ್ತಿದರು. ಮಾತು ಸುರುವಾದದ್ದು ಅದಾದ ಎರಡು ವರ್ಷಕ್ಕೆ.

ಜಗತ್ತು ಮುಗಿಯುವ ಕಥೆ ಬರೆಯುವವರು ಬಹಳ ಮಂದಿ. ಒಮ್ಮೆ ಮುಗಿದದ್ದನ್ನು ಕಂಡವರು ಬರೆದಾಗ ಮಾತ್ರ ಮರುವರ್ಷದ ಆ ಎತ್ತು ಕಥೆಯೊಳಗೆ ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದರೆ ಮಾರ್ಕ್ಸ್ ಬೀಳುತ್ತದೋ ಇಲ್ಲವೋ, ನನ್ನನ್ನು ಕೇಳಬೇಡ.

ಪ್ರಶ್ನೆ: ಮೇಡಂ, ಈ ಹವಾಮಾನದ ಕಥೆ ಎನ್ನುವುದು ಸೈನ್ಸ್ ಫಿಕ್ಷನ್ನಿನ ಹೊಸ ಹೆಸರೇ ಅಲ್ಲವೆ? ಸುಮ್ಮನೆ ಅಂಗಡಿಯ ಬೋರ್ಡು ಬದಲಿಸಿದ್ದಾರೆ.
ಬೀದರಿನ ಓದುಗರೊಬ್ಬರು

ಉತ್ತರ: ಬೋರ್ಡು ಬದಲಿಸಿದ್ದು ನಿಜ. ಕ್ಲೈಮೇಟ್ ಫಿಕ್ಷನ್ನಿಗೆ ‘ಕ್ಲೈ-ಫೈ’ ಎಂಬ ಗಿಡ್ಡ ಹೆಸರನ್ನು ಹುಟ್ಟುಹಾಕಿ ಓಡಾಡಿಸಿದವರು ತೈವಾನಿನಲ್ಲಿ ನೆಲೆಸಿದ್ದ ಅಮೆರಿಕದ ಪತ್ರಕರ್ತ ಡ್ಯಾನ್ ಬ್ಲೂಮ್. ಆದರೆ ಅಂಗಡಿಯೊಳಗಿನ ಸಾಮಾನೂ ಬದಲಾಗಿದೆ ಸರ್. ಎನ್.ಕೆ. ಜೆಮಿಸಿನ್ ಎಂಬ ಕಪ್ಪು ಲೇಖಕಿ ‘ದಿ ಫಿಫ್ತ್ ಸೀಸನ್’ನಿಂದ ಸುರುವಾಗುವ ಮೂರು ಕಾದಂಬರಿ ಬರೆದರು. ಮೂರಕ್ಕೂ ಒಂದಾದ ಮೇಲೊಂದರಂತೆ 2016, 17, 18ರಲ್ಲಿ, ಸೈನ್ಸ್ ಫಿಕ್ಷನ್ನಿನ ದೊಡ್ಡ ಪ್ರಶಸ್ತಿಯಾದ ಹ್ಯೂಗೊ, ಶ್ರೇಷ್ಠ ಕಾದಂಬರಿಯ ವಿಭಾಗದಲ್ಲಿ ಬಂತು. ಆ ವಿಭಾಗದಲ್ಲಿ ಹಾಗೆ ಮೂರು ವರ್ಷ ಸಾಲಾಗಿ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅವರ ಲೋಕದಲ್ಲಿ ಐದನೆಯ ಋತು ಅಂದರೆ ಪ್ರಳಯ. ಅದು ಬಂದಾಗ ಏನು ಮಾಡಬೇಕು ಎಂಬುದನ್ನು ಹಿರೀಕರು ಕಲ್ಲಿನ ಮೇಲೆ ಕೆತ್ತಿ ಇಟ್ಟಿರುತ್ತಾರೆ. ಕಲ್ಲಿನ ನಾಡಿನವರಾದ ನಮಗೆ ಇದು ತಿಳಿಯಲು ಡಿಕ್ಷನರಿ ಬೇಡ, ಉಳಿದದ್ದಕ್ಕೆ ಬೇಕಾಯಿತು, ಸುಳ್ಳು ಯಾಕೆ ಹೇಳಲಿ. ನಿಮ್ಮೂರಿನ ನೌಬಾದಿನಲ್ಲೇ 15ನೇ ಶತಮಾನದಲ್ಲಿ ನೆಲದ ಕೆಳಗೆ ಕೊರೆದು ನೀರು ಹರಿಸಿದ ಕರೇಜ್ ಇದೆ, ಮಂದಿ ಸುರಂಗ ಬಾವಿ ಎನ್ನುತ್ತಾರೆ. ಬಹಮನಿ ಕಾಲದವರಿಗೆ ಅದು ಸೈನ್ಸ್ ಫಿಕ್ಷನ್ನೇ ಇದ್ದಿರಬೇಕು.

ಪ್ರಶ್ನೆ: ಅಕ್ಕೋರ, ನಾ ಜೇವರ್ಗಿ ತಾಲೂಕಿನ ರೈತ. ಎಂಟು ಎಕರೆ ತೊಗರಿ. ಹೋದ ವರ್ಷ ನೆಟಿ ರೋಗ ಬಂದು ಅರ್ಧ ಹೊಲ ನಿಂತಲ್ಲೇ ಒಣಗ್ತು. ನನ್ನ ಮಗಳು ನಿಮ್ಮ ಪುಟ ಓದಿ ಹೇಳ್ತಾಳ. ನಂದು ಒಂದೇ ಪ್ರಶ್ನೆ. ಕಾದಂಬರಿ ಓದಿದ್ರ ಮಳಿ ಬರ್ತದೇನು?

ಉತ್ತರ: ಬರೂದಿಲ್ಲ ಅಣ್ಣಾರ.

ನೆಟೆ ರೋಗದ ವಿಷಯದಲ್ಲಿ ನಾನು ಹೇಳಬಲ್ಲದ್ದು ಎರಡೇ ಮಾತು. ಆ ಶಿಲೀಂಧ್ರ ಇರುವುದು ಮಣ್ಣಿನಲ್ಲಿ, ಅದಕ್ಕೇ ವರ್ಷ ವರ್ಷ ಅದೇ ಹೊಲಕ್ಕೆ ತೊಗರಿ ಹಾಕಿದರೆ ಅದು ಬೆಳೆಯುತ್ತ ಹೋಗುತ್ತದೆ. ನಡುವೆ ಜ್ವಾಳ ಹಾಕಿ ಬೆಳೆ ಬದಲಿಸಿರಿ. ಟಿ.ಎಸ್. 3ಆರ್‌ನಂಥ ನೆಟೆ ತಡೆಯುವ ತಳಿಗಳಿವೆ. ಬೀಜೋಪಚಾರ ಮತ್ತು ಉಳಿದದ್ದನ್ನು ಕೃಷಿ ವಿಜ್ಞಾನ ಕೇಂದ್ರದವರಿಗೆ ಕೇಳಿರಿ. ಪುಸ್ತಕ ಓದಿದವರ ಮಾತು ಕೇಳಿ ಹೊಲಕ್ಕೆ ಔಷಧ ಹೊಡೆಯಬೇಡಿರಿ.

ಆದರೆ ನಿಮ್ಮ ಪ್ರಶ್ನೆಗೆ ನಂದೊಂದು ತಿರುಗುಪ್ರಶ್ನೆ ಇದೆ. ರೋಹಿಣಿ ಮಳಿಗೆ ಓಣೆಲ್ಲಾ ಜ್ವಾಳ ಅಂತಿದ್ದರು. ಆದ್ರ ಆರಿದ್ರ, ಇಲ್ಲಂದ್ರ ದರಿದ್ರ ಅಂತಿದ್ದರು. ಮಿರ್ಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ನಮ್ಮ ಅಪ್ಪ ಕೂರಿಗೆ ತೊಳೆದು ಇಡುತ್ತಿದ್ದ. ಈ ಮಳೆಗಳ ಹೆಸರು ಒಂದು ಲೆಕ್ಕದಲ್ಲಿ ನಮ್ಮ ಮಂದಿ ನೂರಾರು ವರ್ಷ ಕೂಡಿ ಕಟ್ಟಿದ ಪುಸ್ತಕ. ಈಗ ಮಿರ್ಗಕ್ಕೆ ಧೂಳು ಹಾರುತ್ತದೆ. ಬಿತ್ತಿದ ಮೇಲೆ ತಿಂಗಳು ಕಾಯಿಸುತ್ತದೆ. ತೊಗರಿ ಹೂ ಕಟ್ಟುವ ಹೊತ್ತಿಗೆ ಮೋಡ ಕವಿದು ಹೂವುದುರಿ ಕೀಡಿ ಬೀಳುತ್ತದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಡ್ಯಾಮಿನ ನೀರು, ಮೇಲಿನ ಮಳೆ ಎರಡೂ ಕೂಡಿ ಭೀಮಾ ಉಕ್ಕಿ ಬಂದದ್ದು ನಿಮಗೆ ನಾನು ಹೇಳುವುದೇನಿದೆ, ನಿಮ್ಮ ತಾಲೂಕಿನ ನದಿ ದಂಡೆಯಲ್ಲೇ ಆದದ್ದು. ಅದೇ ನಾಡಿನಲ್ಲಿ ಹಿಂದಿನ ಬೇಸಿಗೆಗೆ ಕೊಡ ಹಿಡಿದು ನಿಂತಿದ್ದೆವು.

ಮಳೆಯ ಹೆಸರು ಉಳಿದು ಮಳೆ ಮಾತ್ರ ಜಾಗ ಬಿಟ್ಟಿದೆ. ಇದು ಬೆಳೆಹಾನಿ ಅರ್ಜಿಯೊಳಗೆ ಬರುವುದಿಲ್ಲ. ಅಲ್ಲಿ ಸರ್ವೆ ನಂಬರು, ಎಕರೆ, ಶೇಕಡಾ ಎಷ್ಟು ಹಾನಿ, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸು ಇಷ್ಟೇ. ಕೂರಿಗೆ ತೊಳೆದಿಟ್ಟು ಹನ್ನೊಂದು ದಿನ ಮುಗಿಲು ನೋಡಿದ ಮನುಷ್ಯ ಹನ್ನೆರಡನೇ ದಿನ ಹೆಂಡತಿಯ ಮೇಲೆ ಯಾಕೆ ರೇಗಿದ ಎಂದು ಬರೆಯಲು ಅದರಲ್ಲಿ ಜಾಗ ಇಲ್ಲ. ನಾನು ಇಷ್ಟು ದೇಶದ ಕಾದಂಬರಿ ಓದಿದೆ ಅಣ್ಣಾರ, ಮಿರ್ಗದ ಮಳೆ ಯಾವುದರಲ್ಲೂ ಸಿಗಲಿಲ್ಲ. ನೀವು ಹೇಳಿರಿ, ಮಗಳು ಬರೆಯಲಿ. ನಿಮ್ಮ ಅಪ್ಪನ ಕಾಲಕ್ಕೆ ಯಾವ ಮಳೆಗೆ ಏನು ಬಿತ್ತುತ್ತಿದ್ದರು, ಈಗ ಯಾವ ತಾರೀಖಿಗೆ ಬಿತ್ತುತ್ತೀರಿ. ಬರೀ ಅಷ್ಟೇ ಬರೆದು ಕಳಿಸಿದರೂ ಈ ಪುಟದಲ್ಲಿ ನನ್ನ ಉತ್ತರ ಕಡಿಮೆ ಮಾಡಿ ಅದನ್ನು ಹಾಕಿಸುತ್ತೇನೆ.

ಪ್ರಶ್ನೆ: ಕಾದಂಬರಿಕಾರರು ಹವಾಮಾನ ಬದಲಾವಣೆಯನ್ನು ಕಣ್ಣೆತ್ತಿ ನೋಡಿಲ್ಲ ಎಂದು ಅಮಿತಾವ್ ಘೋಷ್ ಆರೋಪಿಸುತ್ತಾರೆ. ಒಪ್ಪುತ್ತೀರಾ? ಕನ್ನಡದಲ್ಲಿ ಇಂಥವು ಇವೆಯೆ?
ನಿವೃತ್ತ ಬ್ಯಾಂಕ್ ನೌಕರ, ಸೇಡಂ

ಉತ್ತರ: ಅರ್ಧ ಒಪ್ಪುತ್ತೇನೆ. ಘೋಷ್ 2016ರಲ್ಲಿ ಇದರ ಮೇಲೆಯೇ ಒಂದು ವಿಚಾರದ ಪುಸ್ತಕ, ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಬರೆದರು. ಅದರಲ್ಲಿ ಅವರದೇ ಒಂದು ಅನುಭವ ಬರುತ್ತದೆ. 1978ರ ಮಾರ್ಚ್ 17, ದಿಲ್ಲಿಯಲ್ಲಿ ಓದುತ್ತಿದ್ದಾಗ ಒಮ್ಮೆಲೇ ಸುಂಟರಗಾಳಿ ಎದ್ದು ಅವರ ತಲೆಯ ಮೇಲೆಯೇ ಹಾದುಹೋಯಿತು. ದಿಲ್ಲಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಇಷ್ಟು ದೊಡ್ಡ ಸಂಗತಿಯನ್ನು ಅವರಿಗೆ ಯಾವ ಕಾದಂಬರಿಯಲ್ಲೂ ತರಲು ಆಗಲಿಲ್ಲ. ‘ಹಿಂಗೆಲ್ಲ ಆಗ್ತದೇನು’ ಎಂದು ಓದುಗ ನಂಬುವುದಿಲ್ಲ. ನಡೆಯಬಹುದಾದದ್ದನ್ನೇ ಬರೆಯಬೇಕು ಎಂಬ ಕಟ್ಟಳೆ ಹಾಕಿಕೊಂಡ ಕಾದಂಬರಿ, ನಡೆಯಬಾರದ್ದು ದಿನಾ ನಡೆಯುವ ಕಾಲದಲ್ಲಿ ಬಾಯಿ ಕಟ್ಟಿಸಿಕೊಂಡು ಕೂತಿದೆ ಎಂಬುದು ಅವರ ವಾದ. ಆಮೇಲೆ 2019ರಲ್ಲಿ ‘ಗನ್ ಐಲ್ಯಾಂಡ್’ನಲ್ಲಿ ಅವರೇ ಆ ಕಟ್ಟಳೆ ಮುರಿದರು.

ಒಪ್ಪದಿರುವ ಅರ್ಧ ಯಾವುದೆಂದರೆ, ಮಳೆ ನಂಬಿ ಬದುಕಿದವರ ಸಾಹಿತ್ಯದಲ್ಲಿ ಹವಾಮಾನ ಯಾವತ್ತೂ ಹಿಂದಿನ ಪರದೆ ಆಗಿರಲಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಮನೆಯ ಒಬ್ಬ ಮುಂಗೋಪಿ ಹಿರಿಯನ ಹಾಗೆ ಇರುತ್ತದೆ. ನಾ. ಡಿಸೋಜರ ‘ದ್ವೀಪ’ದಲ್ಲಿ ಡ್ಯಾಮಿನ ಹಿನ್ನೀರು ಮೇಲೇರುತ್ತ ಒಂದು ಸಂಸಾರವನ್ನು ಗುಡ್ಡದ ಮೇಲೆ ಒಂಟಿಯಾಗಿ ನಿಲ್ಲಿಸುತ್ತದೆ. ಗಿರೀಶ ಕಾಸರವಳ್ಳಿ ಅದನ್ನು 2002ರಲ್ಲಿ ಸಿನಿಮಾ ಮಾಡಿದರು. ಶರಾವತಿಯಲ್ಲಿ ಮನೆ ಮುಳುಗಿದವರ ಕಥೆಯನ್ನು ಆ ನೆಲದವರೇ ಬರೆದದ್ದು ಅದು, ಕ್ಲೈ-ಫೈ ಎಂಬ ಹೆಸರು ಹುಟ್ಟುವುದಕ್ಕಿಂತ ಎಷ್ಟೋ ಮೊದಲು.

ಈಗ ನನ್ನ ಹೊಟ್ಟೆಯೊಳಗಿನ ಸಿಟ್ಟು. ಕನ್ನಡದಲ್ಲಿ ನಿಸರ್ಗ ಎಂದ ಕೂಡಲೇ ಮಲೆನಾಡು. ಜಡಿಮಳೆ, ಜಿಗಣೆ, ಕಾಫಿ ಹೂವು, ಮಂಜು. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಪಾಠದೊಳಗಿನ ಹಸಿರು ಹೇಳಿ ಕಿಟಕಿಯ ಹೊರಗೆ ನೋಡಿದರೆ ಜಾಲಿ ಗಿಡ, ಬಿರಿದ ಎರಿ ನೆಲ. ‘ಅಕ್ಕೋರ, ನಮ್ಮದು ನಿಸರ್ಗ ಅಲ್ಲೇನ್ರಿ?’ ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ. ಒಂದು ಸಭೆಯಲ್ಲಿ ನಾನು ಈ ಮಾತೆತ್ತಿದೆ. ವೇದಿಕೆಯ ಮೇಲಿದ್ದ ದೊಡ್ಡವರೊಬ್ಬರು ನಕ್ಕು, ‘ಬಿಸಿಲಿನಲ್ಲಿ ಕಾವ್ಯ ಏನಿದೆ ತಾಯಿ, ಅದು ಹವಾಮಾನ ವರದಿ’ ಎಂದರು. ಚಪ್ಪಾಳೆ ಬಿತ್ತು. ಆಸ್ಟ್ರೇಲಿಯಾದ, ಆಫ್ರಿಕಾದ ಹೆಣ್ಣುಮಕ್ಕಳು ಬರೆದದ್ದನ್ನು ನಾನು ಹುಡುಕಿ ಹುಡುಕಿ ಓದತೊಡಗಿದ್ದು ಆ ಚಪ್ಪಾಳೆಯ ದೆಸೆಯಿಂದ. ಇಂಗ್ಲಿಷಿನೊಳಗೆ ಅವರ ನೆಲಕ್ಕೆ ಇರದ ಜಾಗ, ಕನ್ನಡದೊಳಗೆ ನಮ್ಮ ನೆಲಕ್ಕೂ ಇರಲಿಲ್ಲ. ನಮ್ಮೂರಿನ ಗೀತಾ ನಾಗಭೂಷಣ ‘ಬದುಕು’ ಬರೆದು 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇಲ್ಲಿನ ಬಡವರ ಮಾತನ್ನು ಇಲ್ಲಿನ ನುಡಿಯಲ್ಲೇ ಬರೆಯಬಹುದು ಎಂದು ತೋರಿಸಿದರು. ಬಿಸಿಲಿನ ಕಾದಂಬರಿ ಬರಬೇಕಾದದ್ದು ಆ ದಾರಿಯಲ್ಲಿ.

ಪ್ರಶ್ನೆ: ಮೇಡಂ, ನಾನು ಕಲಬುರಗಿಯಲ್ಲೇ ಇಂಜಿನಿಯರಿಂಗ್ ಮಾಡ್ತಿದ್ದೀನಿ. ‘ಕಲಬುರಗಿ 2080’ ಅಂತ ಕಥೆ ಬರೆದೆ. ಟೆಂಪರೇಚರ್ 60 ಡಿಗ್ರಿ. ಎಲ್ಲರೂ ಸತ್ತು ಒಬ್ಬ ವಿಜ್ಞಾನಿ, ಒಂದು ರೋಬೋ ಉಳಿತಾರೆ. ಒಂದು ಪತ್ರಿಕೆ ‘ಸ್ವೀಕರಿಸಲಾಗಿಲ್ಲ’ ಅಂತ ವಾಪಸ್ ಕಳಿಸಿತು. ಪ್ರತಿ ನಿಮಗೂ ಕಳಿಸಿದ್ದೀನಿ. ಎಲ್ಲಿ ತಪ್ಪಿದೆ?

ಉತ್ತರ: ತಮ್ಮಾ, ಓದಿದೆ. ಎರಡು ಸಲ. ನಿನ್ನಲ್ಲಿ ಕಸುವಿದೆ, ಸೂಪರ್ ಮಾರ್ಕೆಟ್ಟಿನ ಖಾಲಿ ಅಂಗಡಿಗಳ ಸಾಲನ್ನು ಬರೆದ ಆ ಅರ್ಧ ಪುಟ ನನಗೆ ಮೆಚ್ಚಿಗೆಯಾಯಿತು. ಉಳಿದದ್ದಕ್ಕೆ ಬೈಗುಳ ತಿನ್ನು.

60 ಡಿಗ್ರಿ ಯಾಕೆ? ಭೂಮಿಯ ಮೇಲೆ ಈವರೆಗೆ ದಾಖಲಾದ ದೊಡ್ಡ ಅಂಕಿಯೇ 56.7, ಅದೂ 1913ರಲ್ಲಿ ಅಮೆರಿಕದ ಡೆತ್ ವ್ಯಾಲಿಯಲ್ಲಿ. ಇಂಜಿನಿಯರ್ ಆಗುವವನು ಇದನ್ನು ನೋಡಿಕೊಳ್ಳಬೇಕಿತ್ತು. ಮನುಷ್ಯನನ್ನು ಕೊಲ್ಲಲು 60 ಬೇಕಾಗಿಲ್ಲ. ಮನೆಯಲ್ಲಿ ಮಣ್ಣಿನ ಹರವಿ ಇದ್ದರೆ ನೋಡು. ಹೊರಮೈಯಲ್ಲಿ ಜಿನುಗಿದ ನೀರು ಆರುವಾಗ ಒಳಗಿನ ಕಾವನ್ನು ಒಯ್ಯುತ್ತದೆ, ಒಳಗೆ ನೀರು ತಂಪು. ನಮ್ಮ ಮೈಯ ಬೆವರೂ ಇದೇ ಕೆಲಸ ಮಾಡುತ್ತದೆ. ಕಲಬುರಗಿಯ ಗಾಳಿ ಒಣಗಾಳಿ, ಅದಕ್ಕೆ ಇಲ್ಲಿ ಹರವಿಯೂ ನಡೆಯುತ್ತದೆ, ಕೂಲರೂ ನಡೆಯುತ್ತದೆ, 45ರಲ್ಲೂ ನಾವು ಜೀವ ಹಿಡಿದುಕೊಂಡಿದ್ದೇವೆ. ಅದೇ ಕೂಲರನ್ನು ಮುಂಬೈಗೆ ಒಯ್ದರೆ ಬರೀ ಒದ್ದೆ ಗಾಳಿ ಊದುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಬೆವರು ಆರುವುದೆಲ್ಲಿಗೆ? ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಅಳೆಯುವ ಒಂದು ಅಳತೆ ಇದೆ. ಅದು 35 ಮುಟ್ಟಿ ಹಾಗೇ ನಿಂತರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದವನೂ ಕೆಲವು ತಾಸಿನ ಮೇಲೆ ಬದುಕುವುದಿಲ್ಲ. ವಯಸ್ಸಾದವರಿಗೆ, ಬಿಸಿಲಲ್ಲಿ ದುಡಿಯುವವರಿಗೆ ಅದಕ್ಕಿಂತ ಬಹಳ ಕೆಳಗೇ ಕುತ್ತು. ನೋಡು, 35 ಎಂಬ ಮೆತ್ತಗಿನ ಅಂಕಿ. ನಿನ್ನ 60ಕ್ಕಿಂತ ಇದು ನನ್ನನ್ನು ಹೆಚ್ಚು ಹೆದರಿಸುತ್ತದೆ.

ಇನ್ನು ಎಲ್ಲರೂ ಸತ್ತರು ಎಂದು ಒಂದೇ ಸಾಲಿನಲ್ಲಿ ಬರೆದಿದ್ದಿ. ಯಾರು ಮೊದಲು ಸತ್ತರು? ನಮ್ಮೂರಲ್ಲಿ ಬಿಸಿಲು ಎಲ್ಲರಿಗೂ ಒಂದೇ ಅಲ್ಲ. ಶಹಾಬಾದಿನ ಖಣಿಯಲ್ಲಿ ಫರ್ಸಿ ಎತ್ತುವವನ ಬಿಸಿಲು ಬೇರೆ, ತಗಡಿನ ಮನೆಯೊಳಗೆ ರೊಟ್ಟಿ ಬಡಿಯುವವಳ ಬಿಸಿಲು ಬೇರೆ, ಏಸಿ ರೂಮಿನಲ್ಲಿ ಕೂತು ಕಥೆ ಬರೆಯುವವನ ಬಿಸಿಲು ಬೇರೆ. ನೀನು ವಿಜ್ಞಾನಿಯನ್ನು ಉಳಿಸಿದ್ದಿ. ಉಳಿದವನು ಮೂರು ಪುಟ ಭಾಷಣ ಮಾಡುತ್ತಾನೆ, ಕೇಳುವುದಕ್ಕೆ ರೋಬೋ. ಪಾಪ ಅದಕ್ಕೂ ಬ್ಯಾಟರಿ ಮುಗಿಯುತ್ತದೆ. ಆ ಭಾಷಣ ಪೂರಾ ತೆಗೆ.

ನಿಮ್ಮ ಮನೆಯಲ್ಲಿ ಕೂಲರಿಗೆ ನೀರು ಹಾಕುವವರು ಯಾರು? ಅವ್ವನೋ, ಅಕ್ಕನೋ, ಕೆಲಸಕ್ಕೆ ಬರುವ ಹೆಂಗಸೋ? ನಳಕ್ಕೆ ನೀರು ಬಂದದ್ದು ನಾಲ್ಕು ದಿನದ ಹಿಂದೆ. ಇರುವುದು ಎರಡು ಕೊಡ. ಒಂದು ಕುಡಿಯಲು. ಇನ್ನೊಂದನ್ನು ಕೂಲರಿಗೆ ಹಾಕಬೇಕೋ, ಮುತ್ಯಾನ ಮೈ ಒರೆಸಬೇಕೋ? 2080 ಬಿಡು, ಇದೇ ಮೇ ತಿಂಗಳಿನ ಒಂದು ಮಧ್ಯಾಹ್ನ ಸಾಕು. ಬರೆದು ಮತ್ತೆ ಕಳಿಸು. ಈ ಸಲ ಕೈಬರಹ ಬೇಡ, ನನ್ನ ಕಣ್ಣಿಗೆ ಪೊರೆ ಬಂದಿದೆ.

ಪ್ರಶ್ನೆ: ಮೇಡಂ, ನಾನು ಚಿಂಚೋಳಿ ತಾಲೂಕಿನ ತಾಂಡಾದವಳು, ಆಶಾ ಕಾರ್ಯಕರ್ತೆ. ನಮ್ಮ ಅಜ್ಜಿ ಗುಳೆ ಹೋದ ಕಥೆ ಹೇಳ್ತಾಳ, ನಮ್ಮ ಗೋರ್ ಬೋಲಿಯಲ್ಲಿ, ಅಂದ್ರ ಲಂಬಾಣಿ ಮಾತಿನಾಗ. ನಮ್ಮ ಭಾಷೆಗೆ ಲಿಪಿ ಇಲ್ಲ, ನನಗೆ ಸಾಹಿತ್ಯ ಗೊತ್ತಿಲ್ಲ. ಅದನ್ನ ಬರೆದ್ರ ನೀವು ಹೇಳೋ ಹವಾಮಾನದ ಕಥೆ ಆಗ್ತದಾ?

ಉತ್ತರ: ತಂಗಿ, ಈ ತಿಂಗಳ ನನ್ನ ಮೆಚ್ಚಿನ ಪತ್ರ ನಿನ್ನದು, ಅದಕ್ಕೇ ಕೊನೆಗೆ ಇಟ್ಟುಕೊಂಡೆ.

ಆಸ್ಟ್ರೇಲಿಯಾದ ಮೂಲನಿವಾಸಿ ವಾನ್ಯಿ ಜನಾಂಗದ ಅಲೆಕ್ಸಿಸ್ ರೈಟ್ ಎಂಬ ಹಿರಿಯ ಲೇಖಕಿ ಇದ್ದಾರೆ. 2013ರಲ್ಲಿ ‘ದಿ ಸ್ವಾನ್ ಬುಕ್’ ಬರೆದರು. ಕೆಟ್ಟುಹೋದ ಹವೆ, ಜೌಗು ನೆಲ, ಮಾತಾಡದ ಒಂದು ಹುಡುಗಿ, ಕಪ್ಪು ಹಂಸಗಳು. ಹತ್ತು ವರ್ಷ ಬಿಟ್ಟು ‘ಪ್ರೇಸ್‌ವರ್ದಿ’ ಬರೆದರು. ಊರ ಮೇಲೆ ಎಂಥದೋ ಮಬ್ಬು ಕವಿದಿದೆ. ಪೆಟ್ರೋಲು ಇಲ್ಲದ ನಾಳೆಗೆ ಸಾಮಾನು ಸಾಗಿಸಲು ಒಬ್ಬ ಮನುಷ್ಯ ಕಾಡುಬಿದ್ದ ಕತ್ತೆಗಳನ್ನೆಲ್ಲ ಹಿಡಿದು ತರುತ್ತಾನೆ. ಅದಕ್ಕೆ 2024ರಲ್ಲಿ ಆ ದೇಶದ ದೊಡ್ಡ ಪ್ರಶಸ್ತಿ ಮೈಲ್ಸ್ ಫ್ರಾಂಕ್ಲಿನ್ ಬಂತು. ಓದುವುದು ಕಷ್ಟ, ನಾನು ಎರಡು ಸಲ ಕೆಳಗಿಟ್ಟು ಮೂರನೇ ಸಲ ಮುಗಿಸಿದೆ. ಕಷ್ಟ ಯಾಕೆಂದರೆ ಆಕೆ ಹಿರಿಯರು ಕಥೆ ಹೇಳುವ ಹಾಗೆ ಬರೆಯುತ್ತಾರೆ, ಹಿಂದಿನದು ಮುಂದಿನದು ಎಲ್ಲ ಒಂದೇ ಉಸಿರಿನಲ್ಲಿ. ನಿನ್ನ ಅಜ್ಜಿಯೂ ಹೀಗೇ ಹೇಳುತ್ತಿರಬೇಕು. ಅದನ್ನು ಸರಿ ಮಾಡಲು ಹೋಗಬೇಡ.

ಲಿಪಿಯ ಚಿಂತೆ ಬಿಡು. ಕನ್ನಡ ಅಕ್ಷರದಲ್ಲಿ ಅಜ್ಜಿಯ ಮಾತು ಹೇಗಿದೆಯೋ ಹಾಗೆ ಬರಿ, ಎದುರು ಪುಟದಲ್ಲಿ ಕನ್ನಡ ಹಾಕು. ‘ಕಷ್ಟ ಆಗಿತ್ತಾ ಆಯಿ’ ಎಂದು ಕೇಳಬೇಡ, ‘ಹೂಂ’ ಎಂದು ಸುಮ್ಮನಾಗುತ್ತಾಳೆ. ಯಾವ ಹಬ್ಬ ಮುಗಿಸಿ ಹೊರಡುತ್ತಿದ್ದಿರಿ, ಈಗಿನವರು ಯಾವ ಹಬ್ಬಕ್ಕೆ ಮೊದಲೇ ಹೊರಡುತ್ತಾರೆ, ಕಬ್ಬು ಕಡಿಯಲು ಹೋಗುವಾಗ ಗಾಡಿಯಲ್ಲಿ ಮೊದಲು ಏನು ಏರಿಸುತ್ತಿದ್ದಿರಿ, ತಾಂಡಾದ ಯಾವ ಬಾವಿ ಯಾವ ವರ್ಷ ಮೊದಲ ಸಲ ಬತ್ತಿತು, ಹಿಂದೆ ಉಳಿದ ಮುದುಕರಿಗೆ ರೊಟ್ಟಿ ಯಾರು ಹಾಕುತ್ತಿದ್ದರು, ಇಂಥವನ್ನು ಕೇಳು. ಆಶಾ ಕೆಲಸದಲ್ಲಿ ಮನೆ ಮನೆ ಅಡ್ಡಾಡುವ ನಿನಗೆ ಪ್ರಶ್ನೆ ಕೇಳುವುದು ನಾನು ಕಲಿಸಬೇಕಾಗಿಲ್ಲ.

ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಅಜ್ಜಿಯ ಮಗ್ಗುಲಿಗೆ ಇಡು. ಫ್ಯಾನು ಬಂದ್ ಮಾಡು, ಇಲ್ಲಂದರೆ ಅದರ ಗರಗರ ಮಾತು ನುಂಗುತ್ತದೆ. ಫ್ಯಾನಿಲ್ಲದೆ ಮುದುಕಿ ಸೆಕೆಗೆ ಬೇಸತ್ತುಕೊಳ್ಳುತ್ತಾಳೆ, ಅದಕ್ಕೆ ಹಗಲು ಬೇಡ, ಹೊತ್ತು ಮುಳುಗಿದ ಮೇಲೆ ಅಂಗಳದಲ್ಲಿ ಹೊರಸು ಹಾಕಿಕೊಂಡು ಕೂಡ್ರಿ. ಇಪ್ಪತ್ತು ನಿಮಿಷ ಸಾಕು. ಉಳಿದದ್ದು ಮರುದಿನ.